ಮಾತು ನಿಮ್ಮದಿರಲಿ, ಮಾತ್ರೆ ವೈದ್ಯರದು
ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಿಂತು ಹೇಳುವವರಿದ್ದಾರೆ. ಮಗನಿಗೆ ಮಾನಸಿಕ ಕಾಯಿಲೆ ಎಂದು ಹಾವೇರಿಯಲ್ಲಿರುವ ಸ್ವಂತ ಅಕ್ಕನ ಮುಂದೆ ಹೇಳಲೂ ಬಾಯಿ ಬರುವುದಿಲ್ಲ. ಇಂಥ ಮನೆಯವರಿಗೆ ಸ್ವಸಹಾಯ ಗುಂಪು ದೊಡ್ಡ ಆಸರೆ.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತ ಬಿಡಲು ಹೆಣಗುತ್ತಿದ್ದ ಇಬ್ಬರು ತಮ್ಮ ಕಷ್ಟ ಹೇಳಿಕೊಂಡರು. ಅವರಲ್ಲೊಬ್ಬರು ವೈದ್ಯರು. ಅಲ್ಲಿಂದಲೇ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅದರ ಸಭೆಗಳಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನೆ ಕೇಳುತ್ತಾರೆ. ನಮ್ಮಲ್ಲಿ ಮದ್ಯವರ್ಜನ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳಿಗೂ ಇದೇ ಒಡನಾಟದ ಬಲ.

ಆದರೆ ಅನುಕಂಪ ಔಷಧೋಪದೇಶವಾಗಬಾರದು. ರಾಣೆಬೆನ್ನೂರಿನ ತಾಯಿಯೊಬ್ಬರಿಗೆ ಗುಂಪಿನ ಗೆಳತಿ, "ಗುಳಿಗಿ ಬಿಡಿಸ್ರಿ ಅಕ್ಕಾರ, ನಮ್ಮ ಹುಡುಗ ಬಿಟ್ಟು ಆರಾಮ ಅದಾನ" ಎಂದರಂತೆ. ಇವರೂ ನಿಲ್ಲಿಸಿದರು. ಎರಡು ತಿಂಗಳಿಗೆ ಮಗನಿಗೆ ಮತ್ತೆ ದನಿಗಳು ಕೇಳತೊಡಗಿದವು. ಗೆಳತಿಯ ಉದ್ದೇಶ ಒಳ್ಳೆಯದೇ. ಆದರೆ ಸ್ಕಿಜೋಫ್ರೇನಿಯಾ ಗುಳಿಗೆ ಬಿಟ್ಟ ಮರುದಿನವೇ ಮರುಕಳಿಸಬೇಕೆಂದಿಲ್ಲ. ವಾರಗಳು, ತಿಂಗಳುಗಳು ಹಿಡಿಯಬಹುದು. ಆ ನಡುವಿನ ಆರಾಮವೇ ನಮ್ಮನ್ನು ಮೋಸಗೊಳಿಸುತ್ತದೆ.

ಗುಂಪಿಗೆ ಅವಶ್ಯ ಹೋಗಿ. "ನನಗೆ ಹೀಗಾಯಿತು" ಎನ್ನಿ, "ನೀವು ಹೀಗೆ ಮಾಡಿ" ಎನ್ನಬೇಡಿ. ಗುಳಿಗೆಯ ಪ್ರಶ್ನೆ ಬಂದರೆ ವೈದ್ಯರತ್ತ ಕೈತೋರಿಸಿ. ಕೇಳಿದ ಗುಟ್ಟನ್ನು ಮನೆಗೂ ಒಯ್ಯಬೇಡಿ. ಯಾರಾದರೂ ಸಾಯುವ ಮಾತಾಡಿದರೆ ಮಾತ್ರ ಗುಟ್ಟು ಸಲ್ಲದು. ಅವರನ್ನು ಒಂಟಿಯಾಗಿ ಬಿಡದೆ ಮನೆಯವರಿಗೂ ವೈದ್ಯರಿಗೂ ಕೂಡಲೇ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.