ಗವಿಯ ಗೊಬ್ಬರ ಬೇಡ, ಗವಿಯ ಬಾವಲಿ ಬೇಕು

ಹೋದ ವಾರ ಬೇಲೂರು ಕಡೆಯ ಒಬ್ಬ ತಮ್ಮ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದ. ಮೂರು ಜನ ಹುಡುಗರು ಗುಡ್ಡದ ಮೇಲಿನ ಗವಿಯಿಂದ ಬಾವಲಿ ಹಿಕ್ಕೆಯ ಚೀಲ ಹೊತ್ತು ಇಳೀತಾ ಇದ್ದಾರೆ. ಹಿಂದೆ ಸಿನಿಮಾ ಹಾಡು ಬೇರೆ. ಕೆಳಗೆ ಪ್ರಶ್ನೆ: "ಅಣ್ಣ, ಕಾಳುಮೆಣಸಿನ ಬಳ್ಳಿಗೆ ಇದನ್ನ ಎಷ್ಟು ಹಾಕ್ಬೇಕು?"

"ಹಾಕೋದಿರಲಿ, ಇನ್ನೊಂದ್ಸಲ ಮೇಲೆ ಹತ್ತಬೇಡ" ಅಂತ ಬರೆದೆ. ಅವನಿಗೆ ಬೇಜಾರಾಯ್ತು. ಸಾವಯವ ಮಾಡಿ ಅಂತ ಹೇಳೋರೂ ನೀವೇ, ಬೇಡ ಅನ್ನೋರೂ ನೀವೇನಾ ಅಂದ. ಕೇಳಿದ್ದು ಸರಿ. ಹಿಕ್ಕೆಯಲ್ಲಿ ಸಾರಜನಕ, ರಂಜಕ ಚೆನ್ನಾಗಿಯೇ ಇದೆ. ಗೊಬ್ಬರದ ಗುಣದ ಬಗ್ಗೆ ನನ್ನ ತಕರಾರಿಲ್ಲ.

ನಾನೂ ಇದೇ ತಪ್ಪು ಮಾಡಿದವನು. ತೋಟಗಾರಿಕೆ ಓದುತ್ತಿದ್ದಾಗ ಬೇಸಿಗೆ ರಜೆಗೆ ಬಂದು, ಅರಸೀಕೆರೆ ಕಡೆಯ ನಮ್ಮೂರ ಗುಡ್ಡಕ್ಕೆ ಸ್ನೇಹಿತರ ಜೊತೆ ಹತ್ತಿದ್ದೆ. ದಾರಿ ಅಂತ ಇಲ್ಲ. ಲಂಟಾನ ಪೊದೆ ಸರಿಸ್ಕೊಂಡು, ಕೊನೆಗೆ ಬಂಡೆ ಮೇಲೆ ಕೈಕಾಲು ಎರಡನ್ನೂ ಊರಿ ಏರಬೇಕು. ಗವಿ ಕಾಣೋ ಮೊದಲೇ ಮೂಗಿಗೆ ಘಾಟು ಹೊಡೀತು. ಟಾರ್ಚ್ ಸಾಲಲಿಲ್ಲ ಅಂತ ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ ಒಳಗೆ ನುಗ್ಗಿದ್ವಿ. ಹೊಗೆಗೆ ಬಾವಲಿಗಳೆಲ್ಲ ಎದ್ದು ಮಟಮಟ ಮಧ್ಯಾಹ್ನ ಹೊರಗೆ ಹಾರಿದವು. ನೆಲದ ಮೇಲೆ ಕೂದಲಿಲ್ಲದ, ಹೆಬ್ಬೆರಳಿನಷ್ಟು ಗಾತ್ರದ ಮರಿಗಳು ಬಿದ್ದಿದ್ದವು. ಹೊರಗೆ ಕಾಗೆಗಳು ಕಾಯ್ತಾ ಇದ್ದವು. ಆಗ ನಾವು ನಕ್ಕಿದ್ವಿ ಅನ್ನೋದನ್ನ ಹೇಳಿಬಿಡ್ತೀನಿ.

ಬಹುತೇಕ ಗವಿ ಬಾವಲಿಗಳು ವರ್ಷಕ್ಕೆ ಹೆರೋದು ಒಂದೇ ಮರಿ. ಇಲಿಯ ಹಾಗೆ ಆರು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳಲ್ಲ.

ನಮ್ಮ ರಾಜ್ಯದ್ದೇ ಎರಡು ಗವಿಗಳ ಕತೆ ನೋಡಿ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಗವಿಗಳಿವೆ. ರಾಟನ್ಸ್ ಫ್ರೀ-ಟೇಲ್ಡ್ ಅನ್ನೋ ಬಾವಲಿಗೆ 1913ರಲ್ಲಿ ಹೆಸರಿಟ್ಟಿದ್ದು ಅಲ್ಲಿ ಸಿಕ್ಕಿದ್ದರಿಂದಲೇ. ಬಹಳ ಕಾಲ ಜಗತ್ತಿನಲ್ಲಿ ಬೇರೆಲ್ಲೂ ಅದರ ನೆಲೆ ಗೊತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿ, ಅಂದ್ರೆ ಹುಲಿ ಇರೋ ಪಟ್ಟಿಯಲ್ಲೇ, ಅದೂ ಇದೆ. 2011ರಲ್ಲಿ ಭೀಮಗಡ ವನ್ಯಧಾಮ ಆಯ್ತು. ಇನ್ನೊಂದು ಕೋಲಾರ ಜಿಲ್ಲೆಯ ಹನುಮನಹಳ್ಳಿ ಗವಿ. ಕೋಲಾರ ಲೀಫ್-ನೋಸ್ಡ್ ಬಾವಲಿ ಉಳಿದಿರೋದು ಅದೊಂದರಲ್ಲೇ, 200ಕ್ಕಿಂತ ಕಡಿಮೆ. ಅಲ್ಲಿ ಕಂಟಕ ಆಗಿದ್ದು ಗ್ರಾನೈಟ್ ಗಣಿ. ನಮ್ಮ ಗುಡ್ಡಕ್ಕೆ ಗಣಿ ಬಂದಿಲ್ಲ, ರೀಲ್ಸ್ ಬಂದಿದೆ.

ನಮ್ಮ ಗವಿಯಲ್ಲಿರೋದು ಅಂಥ ಅಪರೂಪದ ಜಾತಿ ಅಂತ ನಾನು ಹೇಳ್ತಿಲ್ಲ. ಸಾಮಾನ್ಯ ಬಾವಲಿಯೇ ಇರಬಹುದು. ಆದ್ರೆ ನಮ್ಮ ಹೊಲಕ್ಕೆ ಬರೋದು ಆ ಸಾಮಾನ್ಯದ್ದೇ ಅಲ್ವಾ? ಹಳೇಬೀಡು ಕಡೆ ಮುಸುಕಿನ ಜೋಳ ಹಾಕೋರಿಗೆ ಸೈನಿಕ ಹುಳುವಿನ ಕಾಟ ಗೊತ್ತು. 2018ರಲ್ಲಿ ದೇಶದಲ್ಲೇ ಮೊದಲು ಅದು ಪತ್ತೆಯಾಗಿದ್ದು ಕರ್ನಾಟಕದಲ್ಲಿ. ಅದರ ಪತಂಗ ಹಾರೋದು, ಮೊಟ್ಟೆ ಇಡೋದು ರಾತ್ರಿ. ನಾವು ಮಲಗಿರೋ ಹೊತ್ತಲ್ಲಿ ಪತಂಗ, ದುಂಬಿ ಹಿಡಿದು ತಿನ್ನೋ ಕೂಲಿಯಾಳು ಬಾವಲಿ ಬಿಟ್ರೆ ಹೆಚ್ಚು ಜನ ಇಲ್ಲ.

ಆ ಆಳು ಹೋದ್ರೆ ಏನಾಗುತ್ತೆ ಅಂತ ಅಮೆರಿಕದ ರೈತರು ಕಂಡಿದ್ದಾರೆ. ಅಲ್ಲಿ 2006ರಲ್ಲಿ ಗವಿಯೊಂದರಲ್ಲಿ ಕಾಣಿಸಿಕೊಂಡ ಬಿಳಿ ಮೂಗಿನ ಶಿಲೀಂಧ್ರ ರೋಗ ಲಕ್ಷಗಟ್ಟಲೆ ಬಾವಲಿಗಳನ್ನ ಕೊಂದಿತು. ಮನುಷ್ಯರ ಬೂಟು, ಬಟ್ಟೆಯಲ್ಲೂ ಅದರ ಬೀಜಕಣ ದಾಟುತ್ತೆ ಅಂತ ಎಷ್ಟೋ ಗವಿಗಳಿಗೆ ಪ್ರವೇಶವನ್ನೇ ನಿಲ್ಲಿಸಿದರು. ಬಾವಲಿ ಸತ್ತ ಜಿಲ್ಲೆಗಳಲ್ಲಿ ರೈತರ ಕೀಟನಾಶಕ ಬಳಕೆ ಸುಮಾರು 31% ಏರಿತು ಅಂತ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನಾನು ಇದನ್ನ ಎರಡು ಸಲ ಓದಿದೆ. ಔಷಧಿ ಅಂಗಡಿಯ ಬಿಲ್ಲು ನಮಗೂ ಗೊತ್ತಲ್ಲ.

ಇನ್ನು ಸಪೋಟ, ಸೀಬೆ ಬೆಳೆದವರು ನನ್ನ ಮೇಲೆ ಸಿಟ್ಟಾಗ್ತೀರಿ. ಗೊತ್ತು. ಹಣ್ಣು ತಿನ್ನೋದು ಮರಕ್ಕೆ ಜೋತು ಬೀಳೋ ದೊಡ್ಡ ಬಾವಲಿ ಮತ್ತು ಅದರ ಬಳಗ. ಹುಳು ತಿನ್ನೋ ಸಣ್ಣದು ಬೇರೆ. ಹಣ್ಣಿನ ನಷ್ಟ ಸುಳ್ಳಲ್ಲ. ನಮ್ಮ ಸೀಬೆಗೆ ನಾನೇ ಕವರ್ ಕಟ್ಟಿಸ್ತೀನಿ, ಕೂಲಿ ಕೊಡುವಾಗ ಬೈಕೊಳ್ತೀನಿ ಕೂಡ. ಕಾನೂನು ಕೂಡ ಬಹಳ ವರ್ಷ ಹಣ್ಣಿನ ಬಾವಲಿಯನ್ನ ಪೀಡೆ ಅಂತಲೇ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪೀಡೆ ಪಟ್ಟಿಯೇ ಹೋಯ್ತು. ಬಾವಲಿ ಕಚ್ಚಿದ ಹಣ್ಣು ಮಾತ್ರ ತಿನ್ನಬೇಡಿ. 2018ರಲ್ಲಿ ಕೇರಳದ ನಿಪಾ ಮರೀಬೇಡಿ. ಹಾಗಂತ ಅವು ಕೂರೋ ಮರ ಕಡಿಯೋದು ಪರಿಹಾರ ಅಲ್ಲ. ಬೇಲೂರಿನ ಕಾಫಿ ತೋಟದವರು ಅತ್ತಿ, ಗೋಣಿ ಮರ ತೆಗೆದು ಸಿಲ್ವರ್ ಓಕ್ ಹಾಕಿದ ಮೇಲೆ ಬಾವಲಿಗೆ ತಿನ್ನಲು ಉಳಿಯೋದೇನು?

ಗೊಬ್ಬರ ಬೇಕಾದ್ರೆ ನಮ್ಮ ಕಡೆ ದಾರಿ ಹಳೇದು. ಬೇಸಿಗೆಯಲ್ಲಿ ತೆಂಗಿನ ತೋಟಕ್ಕೆ ಕುರಿ ಮಂದೆ ಹಾಕಿಸಿ. ಕುರಿಯವರಿಗೆ ಕೊಡೋ ದುಡ್ಡು, ಗುಡ್ಡ ಹತ್ತಿ ಮೂರು ಆಳು ಒಂದು ದಿನ ಕಳೆದು ತರೋ ಎರಡು ಚೀಲಕ್ಕಿಂತ ಎಷ್ಟೋ ಲಾಭ. ಗವಿಯ ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಕುತ್ತು ತರೋ ಶಿಲೀಂಧ್ರ ಇರಬಹುದು ಅನ್ನೋದೂ ನೆನಪಿರಲಿ. ಆ ಹುಡುಗರ ಮುಖಕ್ಕೆ ಒಂದು ಟವೆಲ್ ಕೂಡ ಇರಲಿಲ್ಲ.

ಬಾವಲಿ ನೋಡೋ ಆಸೆ ಇದ್ರೆ ಮುಸ್ಸಂಜೆಗೆ ಗುಡ್ಡದ ಬುಡದಲ್ಲಿ ಕೂತ್ಕೊಳ್ಳಿ. ಟಾರ್ಚ್ ಬೇಡ, ಫ್ಲಾಶ್ ಬೇಡ. ಅವೇ ಸಾಲಾಗಿ ನಿಮ್ಮ ತಲೆ ಮೇಲೆ ಇಳಿದು ಹೊಲದ ಕಡೆ ಹೋಗ್ತವೆ. ಆ ಬೇಸಿಗೆ ಆದ ಮೇಲೆ ಎರಡು ವರ್ಷ ನಮ್ಮ ಗುಡ್ಡದಿಂದ ಹಾಗೆ ಇಳಿದಿದ್ದು ಬೆರಳೆಣಿಕೆಯಷ್ಟು. ಈಗ ಮತ್ತೆ ಕಾಣ್ತಿವೆ, ಮೊದಲಿನಷ್ಟಿಲ್ಲ.

ತಮ್ಮ ಆಮೇಲೆ ಫೋನ್ ಮಾಡಿ, ತಂದ ಚೀಲ ವಾಪಸ್ ಗವಿಯಲ್ಲಿ ಸುರಿದು ಬರ್ಲಾ ಅಂತ ಕೇಳಿದ. ಬೇಡ ಮಾರಾಯ, ಮತ್ತೆ ಹತ್ತಬೇಡ ಅಂತಾನೇ ಹೇಳಿದ್ದು ಅಂದೆ. ಮೂಗಿಗೆ ಮಾಸ್ಕ್ ಹಾಕ್ಕೊಂಡು, ನೀರು ಚಿಮುಕಿಸಿ, ಕಾಂಪೋಸ್ಟ್ ಗುಂಡಿಗೆ ತೆಳ್ಳಗೆ ಹರಡಿ ಮೇಲೆ ಸೊಪ್ಪು ಮುಚ್ಚೋಕೆ ಹೇಳಿದ್ದೀನಿ. ಭಾನುವಾರ ಇನ್ನೊಂದು ಬ್ಯಾಚ್ ಅದೇ ಗುಡ್ಡ ಹತ್ತೋ ಪ್ಲಾನ್ ಹಾಕಿದೆಯಂತೆ. ಅವರ ಗ್ರೂಪಿಗೆ ಈ ಲೇಖನ ಹಾಕ್ತೀನಿ ಅಂದಿದ್ದಾನೆ.