ಕಣ್ಣು ಬಿಟ್ಟು ಕೂರುವವರ ಪರವಾಗಿ

ಕಳೆದ ವಾರ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಶಿಕಾರಿಪುರದಲ್ಲಿ ನನ್ನ ಬಳಿ ಕನ್ನಡ ಕಲಿತವಳು, ಈಗ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾಳೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, "ಸರ್, ಧ್ಯಾನಕ್ಕೆ ಕೂತಾಗ ಕಣ್ಣು ಮುಚ್ಚಲೇಬೇಕಾ?" ಎಂದು ಕೇಳಿದಳು. ಹಿಂದೆ ಸಂಧಿ-ಸಮಾಸಗಳ ಸಂದೇಹ ಕೇಳುತ್ತಿದ್ದ ಅದೇ ಧ್ವನಿ. ಆಕೆಯ ತಂದೆ ತೀರಿಕೊಂಡು ಎಂಟು ತಿಂಗಳಾಗಿದೆ. ನಿದ್ರೆ ಹತ್ತದೆ ಯಾರದೋ ಸಲಹೆಯಂತೆ ಧ್ಯಾನದ ತರಗತಿಗೆ ಸೇರಿದ್ದಾಳೆ. ಅಲ್ಲಿ ಕಣ್ಣು ಮುಚ್ಚಿದೊಡನೆ ಐಸಿಯುವಿನ ಗಾಜಿನ ಬಾಗಿಲು, ಅದರಾಚೆ ಮಲಗಿದ ಅಪ್ಪ ಕಾಣಿಸುತ್ತಾರಂತೆ. ಕಣ್ಣು ತೆರೆದರೆ, ಮನಸ್ಸು ಇನ್ನೂ ಪಕ್ವವಾಗಿಲ್ಲ ಎಂದು ಹೇಳಿಕೊಡುವವರು ಆಕ್ಷೇಪಿಸುತ್ತಾರಂತೆ.

ನಾನು ಕೂಡಲೇ ಉತ್ತರ ಕೊಡಲಿಲ್ಲ, ಯೋಚಿಸಿ ಬರೆಯುತ್ತೇನೆ ಎಂದೆ. ಕಾರಣವಿಷ್ಟೇ: ಇದೇ ಪ್ರಶ್ನೆಗೆ ಒಮ್ಮೆ ನಾನು ಕೈಯಲ್ಲಿ ಬೆತ್ತ ಹಿಡಿದು ತಪ್ಪು ಉತ್ತರ ಕೊಟ್ಟವನು.

1989ರಲ್ಲಿ ನಾನು ಸೊರಬ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಬೆಳಗಿನ ಪ್ರಾರ್ಥನೆಯ ನಂತರ ಎರಡು ನಿಮಿಷ ಕಣ್ಣು ಮುಚ್ಚಿ ಮೌನವಾಗಿ ನಿಲ್ಲಬೇಕೆಂಬ ನಿಯಮವನ್ನು ನಾನೇ ತಂದಿದ್ದೆ. ಬಿ.ಎಡ್. ಮುಗಿಸಿ ಬಂದ ಹೊಸ ಹುರುಪು; ಏಕಾಗ್ರತೆಯ ಬಗೆಗೆ ಓದಿದ್ದೆಲ್ಲವನ್ನೂ ಮಕ್ಕಳ ಮೇಲೆ ಪ್ರಯೋಗಿಸುವ ಆತುರ. "ಸಾರ್, ಇವನು ಕಣ್ಣು ಬಿಟ್ಟಿದ್ದ" ಎಂದು ದಿನವೂ ಯಾರಾದರೊಬ್ಬರು ದೂರು ತರುತ್ತಿದ್ದರು. ನಿನಗೆ ಹೇಗೆ ಗೊತ್ತಾಯಿತೋ ಎಂದರೆ ದೂರು ತಂದವನೂ ಸಿಕ್ಕಿಬೀಳುತ್ತಿದ್ದ. ಇದನ್ನು ಓದುತ್ತಿರುವ ಕೆಲವರಿಗಾದರೂ ಆ ನಗು ನೆನಪಿರಬಹುದು.

ಆದರೆ ಎಂಟನೆಯ ತರಗತಿಯ ಒಬ್ಬ ಹುಡುಗನದು ತುಂಟತನವಾಗಿರಲಿಲ್ಲ. ಅವನು ಅತ್ತಿತ್ತ ನೋಡುತ್ತಿರಲಿಲ್ಲ, ಯಾರನ್ನೂ ಕೆಣಕುತ್ತಿರಲಿಲ್ಲ. ನೆಟ್ಟಗೆ ನಿಂತು ಧ್ವಜಸ್ತಂಭವನ್ನೇ ನೋಡುತ್ತಿದ್ದ. ಮೂರು ದಿನ ಎಚ್ಚರಿಸಿದೆ, ನಾಲ್ಕನೆಯ ದಿನ ಅಂಗೈಗೆ ಎರಡು ಏಟು ಕೊಟ್ಟು, ಒಂದು ವಾರ ಸಾಲಿನಿಂದ ಹೊರಗೆ ನಿಲ್ಲಿಸಿದೆ. ಆ ವಾರ ಮುಗಿಯುವುದರೊಳಗೆ ಅವನ ತಾಯಿ ಶಾಲೆಗೆ ಬಂದರು. ಜಗಳಕ್ಕೆ ಬಂದವರಲ್ಲ. ಸೆರಗಿನ ತುದಿ ಹಿಡಿದುಕೊಂಡು ನಿಂತು, ಹಿಂದಿನ ಮಳೆಗಾಲದಲ್ಲಿ ಅವನ ತಮ್ಮ ಕೆರೆಗೆ ಜಾರಿ ಹೋದದ್ದನ್ನೂ, ದಡದಲ್ಲಿದ್ದವನು ಇವನೊಬ್ಬನೇ ಎಂಬುದನ್ನೂ ಹೇಳಿದರು. "ಕಣ್ಣು ಮುಚ್ಚಿದ್ರೆ ನೀರು ಕಾಣ್ತತಂತೆ ಸಾರ್. ರಾತ್ರಿನೂ ದೀಪ ಆರಿಸಾಕೆ ಬಿಡಲ್ಲ." ಮರುದಿನ ಅವನನ್ನು ಮತ್ತೆ ಸಾಲಿಗೆ ಸೇರಿಸಿ, ಧ್ವಜಸ್ತಂಭವನ್ನೇ ನೋಡುತ್ತಿರು ಎಂದೆ. ತಪ್ಪಾಯಿತು ಎನ್ನಲಿಲ್ಲ. ಆ ಕಾಲದಲ್ಲಿ ಮೇಷ್ಟರು ವಿದ್ಯಾರ್ಥಿಗಳ ಕ್ಷಮೆ ಕೇಳುವ ಪದ್ಧತಿ ಇರಲಿಲ್ಲ.

ನನಗೆ ಹೆಚ್ಚು ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಕಣ್ಣು ತೆರೆದೇ ಮನಸ್ಸನ್ನು ನಿಲ್ಲಿಸುವುದನ್ನು ನಾನು ಬಾಲ್ಯದಲ್ಲಿ ದಿನವೂ ಕಂಡಿದ್ದೆ. ಶಿರಾಳಕೊಪ್ಪದ ಸಮೀಪದ ನಮ್ಮ ಮನೆಯಲ್ಲಿ ಅಜ್ಜಿ ಬೆಳಗಿನ ಜಾವ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಕೂರುತ್ತಿದ್ದಳು. ಕಂತಿಯ ಕಪ್ಪು ಹೊದಿಕೆಯ ಮೇಲೆ ದೀಪದ ಬೆಳಕು ಸಾಸಿವೆ ಕಾಳಿನಷ್ಟು ಬಿದ್ದು ಹೊಳೆಯುತ್ತಿತ್ತು. ಅವಳ ದೃಷ್ಟಿ ಆ ಚುಕ್ಕೆಯಲ್ಲಿ ನೆಟ್ಟಿರುತ್ತಿತ್ತು. ನಾವು ಮೊಮ್ಮಕ್ಕಳು ಎದುರಿಗೆ ಕೂತು, ಅಜ್ಜಿ ಎಷ್ಟು ಹೊತ್ತಿಗೆ ರೆಪ್ಪೆ ಬಡಿಯುತ್ತಾಳೆಂದು ಎಣಿಸುತ್ತಿದ್ದೆವು. ಕ್ಯಾಲೆಂಡರಿನ ಚಿತ್ರದ ಋಷಿಗಳೆಲ್ಲ ಕಣ್ಣು ಮುಚ್ಚಿಕೊಂಡಿದ್ದಾರಲ್ಲ ಎಂದು ನಾನೊಮ್ಮೆ ಕೇಳಿದಾಗ ಅವಳು ನಕ್ಕು, "ಲಿಂಗ ಕೈಯಾಗಿಟ್ಕಂಡು ಕಣ್ಣು ಮುಚ್ಚಿದ್ರೆ, ಯಾರನ್ನ ನೋಡಾಕೆ ಕುಂತಂಗಾತು ತಮ್ಮಾ?" ಎಂದಿದ್ದಳು.

ಈ ದೃಷ್ಟಿಗೆ ನಮ್ಮ ತಾಲ್ಲೂಕಿನಲ್ಲಿಯೇ ಒಂದು ಹೆಸರಿದೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಹರಿಹರನ ಪ್ರಭುದೇವರ ರಗಳೆಯ ಕಥೆಯನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆ. ಪ್ರಿಯೆ ಕಾಮಲತೆ ಜ್ವರದಿಂದ ತೀರಿಕೊಂಡ ಮೇಲೆ ಅಲ್ಲಮನು ಹುಚ್ಚನಂತೆ ಅಲೆಯುತ್ತಾನೆ. ಒಂದು ಕಡೆ ಕುಳಿತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಕಳಸವೊಂದು ಕಾಣುತ್ತದೆ. ಅಗೆಸಿದರೆ ಹೂತುಹೋದ ದೇಗುಲ. ಅದರೊಳಗೆ ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಆತನ ಕೈಯ ಲಿಂಗವೇ ಅಲ್ಲಮನ ಕೈಗೆ ಬರುತ್ತದೆ. ಅಂದು ಪರೀಕ್ಷೆಯ ದೃಷ್ಟಿಯಿಂದ ಕಥೆಯನ್ನಷ್ಟೇ ಹೇಳಿ ಮುಗಿಸಿದ್ದೆ. ಎರಡು ಮಾತು ಬಿಟ್ಟುಹೋಗಿದ್ದವು. ನಿಮಿಷವೆಂದರೆ ಮೂಲದಲ್ಲಿ ರೆಪ್ಪೆಯ ಬಡಿತ, ಗಡಿಯಾರದ ನಿಮಿಷ ಆಮೇಲಿನದು. ಅನಿಮಿಷನೆಂದರೆ ರೆಪ್ಪೆ ಬಡಿಯದವನು. (ಅಮರಕೋಶವು ದೇವತೆಗೂ ಮೀನಿಗೂ ಇದೊಂದೇ ಹೆಸರನ್ನು ಕೊಟ್ಟಿರುವುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.) ಇನ್ನೊಂದು, ದುಃಖದಿಂದ ಕಂಗೆಟ್ಟವನ ಎದುರಿಗೆ ಹರಿಹರ ತಂದು ಕೂರಿಸಿದ್ದು ಕಣ್ಣು ತೆರೆದ ಗುರುವನ್ನು.

ಹಾಗೆಂದು ಕಣ್ಣು ಮುಚ್ಚುವವರನ್ನು ನಾನು ಅಲ್ಲಗಳೆಯುತ್ತಿಲ್ಲ. 1969ರಲ್ಲಿ ಬರ್ಮಾದಿಂದ ಬಂದ ಗೋಯೆಂಕಾ ಅವರು ಕಲಿಸಿದ ವಿಪಶ್ಯನದಲ್ಲಿ ಕಣ್ಣು ಮುಚ್ಚಿಯೇ ಕೂರುತ್ತಾರೆ, ಅದರಿಂದ ಉಪಕಾರ ಪಡೆದವರು ನನ್ನ ಬಂಧುಗಳಲ್ಲಿಯೇ ಇದ್ದಾರೆ. ಜಪಾನಿನ ಝೆನ್ ಸಂಪ್ರದಾಯದವರು ಅರೆಗಣ್ಣಿನಲ್ಲಿ ಎದುರಿನ ನೆಲವನ್ನೋ ಗೋಡೆಯನ್ನೋ ನೋಡುತ್ತ ಕೂರುತ್ತಾರೆ. ಹಠಯೋಗದವರಲ್ಲಿ ದೃಷ್ಟಿ ನೆಡುವ ತ್ರಾಟಕವೇ ಒಂದು ಕ್ರಿಯೆ. ಭಗವದ್ಗೀತೆಯ ಆರನೆಯ ಅಧ್ಯಾಯ ಮೂಗಿನ ತುದಿಯನ್ನು ನೋಡಲು ಹೇಳಿದರೆ, ಶಂಕರಾಚಾರ್ಯರು ಅಲ್ಲಿ 'ನೋಡುತ್ತಿರುವವನಂತೆ' ಎಂದು ಅರ್ಥ ಮಾಡಬೇಕೆಂದೂ, ಮೂಗಿನ ತುದಿಯನ್ನು ನೋಡುವುದೇ ಅಲ್ಲಿನ ವಿಧಿಯಲ್ಲವೆಂದೂ ಭಾಷ್ಯ ಬರೆದರು. ಇಷ್ಟು ಭಿನ್ನಾಭಿಪ್ರಾಯವಿರುವಾಗ ಎರಡು ತಿಂಗಳ ತರಬೇತಿ ಪಡೆದವರು ಒಂದನ್ನೇ ಸರಿಯೆಂದು ಸಾಧಿಸುವುದು ನನಗೆ ಒಪ್ಪಿಗೆಯಿಲ್ಲ. 2024ರಲ್ಲಿ ವಿಶ್ವಸಂಸ್ಥೆ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದ ಮೇಲೆ ಶಾಲೆಗಳಲ್ಲಿಯೂ ಧ್ಯಾನ ಹೇಳಿಕೊಡುವ ಉತ್ಸಾಹ ಹೆಚ್ಚಬಹುದು. ನನ್ನ ಭಯವಿರುವುದು ಅಲ್ಲಿ. ಐವತ್ತು ಮಕ್ಕಳ ಸಾಲಿನಲ್ಲಿ ಯಾರ ರೆಪ್ಪೆಯ ಹಿಂದೆ ಯಾವ ಕೆರೆಯಿದೆಯೋ ಮೇಷ್ಟರಿಗೆ ಹೇಗೆ ತಿಳಿಯಬೇಕು?

ದೇಹದ ಸಾಕ್ಷ್ಯವೂ ಒಂದಿದೆ. ಜರ್ಮನಿಯ ಹ್ಯಾನ್ಸ್ ಬರ್ಗರ್ ಮೆದುಳಿನ ವಿದ್ಯುತ್ತರಂಗಗಳ ಬಗೆಗೆ 1929ರಲ್ಲಿ ಬರೆದ ಮೇಲೆ ತಿಳಿದುಬಂದ ಮೊದಲ ಸಂಗತಿಗಳಲ್ಲಿ ಇದೂ ಒಂದು: ಎಚ್ಚರವಿರುವವನು ಸುಮ್ಮನೆ ಕಣ್ಣು ಮುಚ್ಚಿದರೆ ಆಲ್ಫಾ ಎಂಬ ತರಂಗ ಏಳುತ್ತದೆ, ಕಣ್ಣು ತೆರೆದರೆ ಇಳಿಯುತ್ತದೆ. ಹೊರಗಿನ ನೋಟ ನಿಂತಾಗ ಮೆದುಳು ವಿಶ್ರಾಂತಿಯತ್ತ ಹೊರಳುತ್ತದೆ. ದಣಿದವನಿಗೆ ಅದು ವರವೇ ಸರಿ. ನನ್ನಂಥ ಮುದುಕರಿಗೆ ಅಲ್ಲಿಂದ ಗೊರಕೆಗೆ ಒಂದೇ ಹೆಜ್ಜೆ, ಅದು ಬೇರೆ ಮಾತು. ಆದರೆ ಸಂಕಟದಲ್ಲಿರುವವನಿಗೆ ಹೊರಗಿನ ನೋಟ ನಿಂತರೆ ಒಳಗಿನ ಚಿತ್ರವೊಂದೇ ಉಳಿಯುತ್ತದೆ. ಕಿಟಕಿ, ತುಳಸಿಕಟ್ಟೆ, ಗೋಡೆಯ ಮೇಲಿನ ಬಿಸಿಲು ಎದುರಿಗಿದ್ದರೆ, ತಾನು ಈಗ ಇಲ್ಲಿದ್ದೇನೆ, ಅಲ್ಲಿಲ್ಲ ಎಂಬುದಕ್ಕೆ ಕಣ್ಣೇ ಸಾಕ್ಷಿ ಹೇಳುತ್ತದೆ. ಆ ಹುಡುಗ ಯಾರೂ ಹೇಳಿಕೊಡದೆ ಧ್ವಜಸ್ತಂಭವನ್ನು ಹುಡುಕಿಕೊಂಡಿದ್ದು ಇದಕ್ಕೇ ಇರಬೇಕು.

ಸೊರಬದಲ್ಲಿದ್ದಾಗ ಗುಡಿಗಾರರ ಮನೆಯೊಂದಕ್ಕೆ ಆಗಾಗ ಹೋಗುತ್ತಿದ್ದೆ. ಹಿರಿಯರೊಬ್ಬರು ಗಂಧದ ಮರದಲ್ಲಿ ಬುದ್ಧನನ್ನು ಕೆತ್ತುತ್ತಿದ್ದರು. ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಎಂದು ಕೇಳಿದ್ದಕ್ಕೆ ಉಳಿಯನ್ನು ಕೆಳಗಿಟ್ಟು, "ನೀವು ಕೆಳಗೆ ಕೂತು ನೋಡಿ, ಆಮೇಲೆ ನಿಂತು ನೋಡಿ" ಎಂದರು. ಕೂತರೆ ನನ್ನನ್ನೇ ನೋಡುತ್ತಿದ್ದ, ನಿಂತರೆ ಕಣ್ಣು ಮುಚ್ಚಿದ್ದ.

ನನ್ನ ವಿದ್ಯಾರ್ಥಿನಿಗೆ ಹೀಗೆ ಬರೆದಿದ್ದೇನೆ. ಕಣ್ಣು ತೆರೆದೇ ಕೂರಮ್ಮಾ. ನಾಲ್ಕಡಿ ಮುಂದೆ ನೆಲದ ಮೇಲೋ, ಒಂದು ದೀಪದ ಮೇಲೋ, ಅಪ್ಪ ಬಳಸುತ್ತಿದ್ದ ವಸ್ತುವಿನ ಮೇಲೋ ದೃಷ್ಟಿಯನ್ನು ಸಡಿಲವಾಗಿಡು. ಅನಿಮಿಷಯ್ಯನೊಡನೆ ಸ್ಪರ್ಧೆ ಬೇಡ. ರೆಪ್ಪೆ ತಾನಾಗಿ ಬಡಿದರೆ ಬಡಿಯಲಿ, ಇಡೀ ದಿನ ಕಂಪ್ಯೂಟರ್ ನೋಡಿ ಒಣಗಿದ ಕಣ್ಣಿಗೆ ಹಟ ಒಳ್ಳೆಯದಲ್ಲ. ಮುಂದೆ ಎಂದಾದರೂ ಕಣ್ಣು ತಾನೇ ಮುಚ್ಚಿಕೊಂಡರೆ ತಡೆಯಬೇಡ. ಆಗಲೂ ಗಾಜಿನ ಬಾಗಿಲೇ ಕಂಡರೆ, ನಿದ್ರೆ ಬಾರದಿದ್ದರೆ, ವೈದ್ಯರಲ್ಲಿಗೆ ಹೋಗಲು ಸಂಕೋಚಪಡಬೇಡ. ತರಗತಿಯಲ್ಲಿ ಆಕ್ಷೇಪಿಸಿದರೆ, ನಮ್ಮೂರಿನಲ್ಲಿ ಹೀಗೂ ಕೂರುತ್ತಾರೆ ಎಂದು ಹೇಳು.

ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯವರೊಂದಿಗೆ ಊರು ಬಿಟ್ಟ. ಈಗ ಅವನಿಗೆ ಐವತ್ತರ ಆಸುಪಾಸು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಆದರೆ ಆ ವರ್ಷ ಅವನೊಂದಿಗೆ ಓದಿದವರಿಗೆ ಗುರುತು ಹತ್ತಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ, ಮೇಷ್ಟರು ಕೇಳುತ್ತಿದ್ದರು ಎಂದು ತಿಳಿಸಿ.