ತಯಾರಿಕೆ ನಿಂತ ಪಿಎಲ್‌ಸಿ ಮಾಡ್ಯೂಲುಗಳು: ಜಿಲ್ಲೆಯ ಉದ್ದಿಮೆಗಳಿಗೆ ಸಾಮೂಹಿಕ ವ್ಯವಸ್ಥೆ ಅಗತ್ಯ

ಕಲ್ಲು ಸೀಳುವ ಗ್ಯಾಂಗ್‌ಸಾ ಯಂತ್ರದ ಚೌಕಟ್ಟು, ಮೋಟಾರು, ಗೇರ್ ಪೆಟ್ಟಿಗೆಗಳು ಸರಿಯಾದ ಆರೈಕೆಯಲ್ಲಿ ದಶಕಗಳ ಕಾಲ ಬಾಳುತ್ತವೆ. ಸವೆದ ಬೇರಿಂಗು ಹುಬ್ಬಳ್ಳಿಯಲ್ಲಿ ದೊರೆಯುತ್ತದೆ. ಮುರಿದ ಶಾಫ್ಟನ್ನು ಊರಿನ ಲೇತ್ ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಬಹುದು. ಆದರೆ ಅದೇ ಯಂತ್ರವನ್ನು ನಡೆಸುವ ಅಂಗೈಯಗಲದ ಪಿಎಲ್‌ಸಿ ಮಾಡ್ಯೂಲು ಕೆಟ್ಟರೆ ಇಡೀ ಘಟಕ ಸ್ತಬ್ಧವಾಗುತ್ತದೆ. ಕಂಪನಿಗೆ ದೂರವಾಣಿ ಮಾಡಿದರೆ ಆ ಮಾದರಿಯ ತಯಾರಿಕೆಯೇ ನಿಂತಿದೆಯೆಂಬ ಉತ್ತರ ಬರುತ್ತದೆ. ಇಳಕಲ್, ಹುನಗುಂದ ಭಾಗದ ಗ್ರಾನೈಟ್ ಘಟಕಗಳಿಂದ ಹಿಡಿದು ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಹಾಗೂ ಸಕ್ಕರೆ ಉದ್ದಿಮೆಗಳವರೆಗೆ, ಸ್ವಯಂಚಾಲಿತ ಯಂತ್ರಗಳನ್ನು ಹೊಂದಿದ ಯಾರೂ ಈ ಸಮಸ್ಯೆಯಿಂದ ಹೊರತಲ್ಲ.

ಇದು ತಾತ್ಕಾಲಿಕ ಅಡಚಣೆಯೂ ಅಲ್ಲ. 1979ರಲ್ಲಿ ಮಾರುಕಟ್ಟೆಗೆ ಬಂದ ಸೀಮೆನ್ಸ್ ಎಸ್5 ಶ್ರೇಣಿಯ ತಯಾರಿಕೆ ನಿಂತು ಬಹಳ ಕಾಲವಾಯಿತು. ಸಣ್ಣ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಎಸ್7-200 ಕೂಡ ಮಾರಾಟದಿಂದ ಮರೆಯಾಗಿದೆ. ಅಲೆನ್ ಬ್ರ್ಯಾಡ್ಲಿ ಪಿಎಲ್‌ಸಿ-5ರ ತಯಾರಿಕೆ 2017ರಲ್ಲಿ ಕೊನೆಗೊಂಡಿತು. ಇಂದಿಗೂ ಅನೇಕ ಕಾರ್ಖಾನೆಗಳ ಬೆನ್ನೆಲುಬಾಗಿರುವ ಎಸ್7-300 ಶ್ರೇಣಿಯನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳುವ ಪ್ರಕ್ರಿಯೆ 2023ರ ಅಕ್ಟೋಬರ್‌ನಲ್ಲಿ ಆರಂಭವಾಗಿದ್ದು, ಬಿಡಿಭಾಗಗಳ ಪೂರೈಕೆಗೆ 2033ರ ಗಡುವು ಇದೆ. ಅಂದರೆ ಇಂದು ಸುಸ್ಥಿತಿಯಲ್ಲಿರುವ ಯಂತ್ರದ ಮಾಲೀಕರೂ ನಿಶ್ಚಿಂತರಾಗಿರುವಂತಿಲ್ಲ.

ಸ್ಥಳೀಯ ಪರಿಸರವೂ ಈ ಮಾಡ್ಯೂಲುಗಳಿಗೆ ಅನುಕೂಲಕರವಾಗಿಲ್ಲ. ಗ್ಯಾಂಗ್‌ಸಾ ಯಂತ್ರದಲ್ಲಿ ಉಕ್ಕಿನ ಹರಳು, ಸುಣ್ಣ ಮತ್ತು ನೀರು ಬೆರೆತ ರಾಡಿ ಸದಾ ಹರಿಯುತ್ತಿರುತ್ತದೆ. ಅದರ ತುಂತುರು ಪ್ಯಾನೆಲ್ಲಿನೊಳಗೆ ಸೇರಿದರೆ ಕಾರ್ಡಿನ ಮೇಲೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ಶುದ್ಧಗೊಳಿಸಲು ಬಳಸುವ ಗಂಧಕದ ಹೊಗೆ ತಾಮ್ರದ ಸಂಪರ್ಕಗಳನ್ನು ತಿನ್ನುತ್ತದೆ. ಇವೆಲ್ಲದರ ಮೇಲೆ ಬೇಸಿಗೆಯ ಬಿಸಿಲು. ತಾಪಮಾನ 40 ಡಿಗ್ರಿ ದಾಟಿದ ದಿನ ಮುಚ್ಚಿದ ಪ್ಯಾನೆಲ್ಲಿನ ಒಳಗಿನ ಬಿಸಿ ಅದಕ್ಕಿಂತಲೂ ಹೆಚ್ಚಿರುತ್ತದೆ. ಆ ಬಿಸಿಗೆ ಪವರ್ ಸಪ್ಲೈಯಲ್ಲಿರುವ ಕೆಪಾಸಿಟರುಗಳು ಒಣಗಿ ಅಕಾಲದಲ್ಲಿ ಸಾಯುತ್ತವೆ. ಹಾಳಾದ ಬಾಗಿಲಿನ ರಬ್ಬರನ್ನು ಬದಲಿಸುವುದು, ಫ್ಯಾನಿನ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುವುದು ಅಲ್ಪ ವೆಚ್ಚದ ಕೆಲಸಗಳು. ಮಾಡ್ಯೂಲಿನ ಆಯುಷ್ಯ ಬಹುಮಟ್ಟಿಗೆ ಇವುಗಳನ್ನೇ ಅವಲಂಬಿಸಿದೆ.

ಮಾಡ್ಯೂಲು ಕೆಟ್ಟಾಗ ನಮ್ಮ ಉದ್ದಿಮೆದಾರರು ಸಾಮಾನ್ಯವಾಗಿ ಅನುಸರಿಸುವ ಮಾರ್ಗ ಒಂದೇ. ಬಾಗಲಕೋಟೆಯಿಂದ 400 ಕಿ.ಮೀ.ಗೂ ಹೆಚ್ಚು ದೂರವಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೋ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೋ ಆಳನ್ನು ಓಡಿಸುವುದು. ಅಲ್ಲಿ ಸಿಗುವ ಸರಕು ಹೊಸದೋ, ಬಿಚ್ಚಿ ತೆಗೆದದ್ದೋ, ಹೊಸ ಚೀಟಿ ಅಂಟಿಸಿದ್ದೋ ತಿಳಿಯುವುದು ಕಷ್ಟ. ಯಂತ್ರ ನಿಂತಿರುವ ಮಾಲೀಕನಿಗೆ ಚೌಕಾಶಿ ಮಾಡುವ ಬಲವೂ ಇರುವುದಿಲ್ಲ. ಬಿಲ್ಲಿಲ್ಲದೆ ಕೊಂಡರೆ ಜಿಎಸ್‌ಟಿ ಹೂಡುವಳಿ ತೆರಿಗೆಯ ಲಾಭವೂ ತಪ್ಪುತ್ತದೆ, ಸರಕು ಕೆಟ್ಟರೆ ಕೇಳುವ ಹಕ್ಕೂ ಉಳಿಯುವುದಿಲ್ಲ. ವಿದೇಶದಿಂದ ನೇರವಾಗಿ ತರಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿದೇಶ ವ್ಯಾಪಾರ ನೀತಿಯಂತೆ ಯಂತ್ರೋಪಕರಣಗಳ ನವೀಕರಿಸಿದ ಬಿಡಿಭಾಗಗಳನ್ನು ಆಮದು ಮಾಡಿಕೊಳ್ಳಲು, ಅವುಗಳಲ್ಲಿ ಮೂಲ ಆಯುಷ್ಯದ ಕನಿಷ್ಠ ಶೇ. 80ರಷ್ಟು ಉಳಿದಿದೆಯೆಂಬ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಬೇಕು. ಇದನ್ನರಿಯದೆ ತರಿಸಿದ ಪೆಟ್ಟಿಗೆ ಸುಂಕದ ಕಟ್ಟೆಯಲ್ಲಿಯೇ ಉಳಿದೀತು.

ಮಾಡ್ಯೂಲು ದೊರೆತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರೊಳಗಿನ ಪ್ರೋಗ್ರಾಂ ಎಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಅನೇಕ ಹಳೆಯ ಪಿಎಲ್‌ಸಿಗಳಲ್ಲಿ ಪ್ರೋಗ್ರಾಂ ಒಂದು ಸಣ್ಣ ಲಿಥಿಯಂ ಬ್ಯಾಟರಿಯ ಆಸರೆಯಲ್ಲಿ ಉಳಿದಿರುತ್ತದೆ. ವಿದ್ಯುತ್ ಕಡಿತಗೊಳಿಸಿ ಆ ಬ್ಯಾಟರಿಯನ್ನು ಬದಲಿಸ ಹೊರಟರೆ ಪ್ರೋಗ್ರಾಂ ಅಳಿಸಿಹೋಗುವ ಅಪಾಯವಿದೆ. ಆದ್ದರಿಂದ ತಯಾರಕರ ಸೂಚನೆಯನ್ನು ಓದಿಯೇ ಕೈ ಹಾಕಬೇಕು. ಯಂತ್ರ ಪೂರೈಸಿದವನು ಪಾಸ್‌ವರ್ಡ್ ಹಾಕಿ ಹೋಗಿದ್ದರೆ ಮಾಲೀಕನು ತನ್ನದೇ ಯಂತ್ರದ ಮುಂದೆ ಪರಕೀಯನಾಗುತ್ತಾನೆ. ಮಾಡ್ಯೂಲಿನಿಂದ ಪ್ರೋಗ್ರಾಂ ಓದಿಕೊಂಡರೂ ಅದರ ವಿವರಣೆಗಳು ಬಹುಪಾಲು ಬರುವುದಿಲ್ಲವಾದ್ದರಿಂದ ಮೂಲ ಪ್ರತಿಯನ್ನೇ ಕೇಳಿ ಪಡೆಯುವುದು ಉತ್ತಮ. ಹಳೆಯ ತಂತ್ರಾಂಶ ನಡೆಯುವುದು ಡಾಸ್ ಅಥವಾ ವಿಂಡೋಸ್ ಎಕ್ಸ್‌ಪಿಯಲ್ಲಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರಲ್ಲಿಯೇ ನಿಂತಿತು. ಸೀರಿಯಲ್ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಎರಡು ಬಾರಿ ಯೋಚಿಸುವುದು ಲೇಸು.

ಎಲ್ಲವನ್ನೂ ಕಿತ್ತು ಹೊಸದನ್ನು ಹಾಕುವುದೇ ಸುಲಭವಲ್ಲವೇ ಎಂಬ ವಾದವಿದೆ. ದೊಡ್ಡ ಕಾರ್ಖಾನೆಗಳಿಗೆ ಅದು ಸಾಧ್ಯ. ಸಣ್ಣ ಘಟಕಕ್ಕೆ ಹೊಸ ಪಿಎಲ್‌ಸಿಯ ಬೆಲೆಗಿಂತ ವೈರಿಂಗ್, ಪ್ರೋಗ್ರಾಂ ಬರೆಸುವ ಖರ್ಚು ಮತ್ತು ಯಂತ್ರ ನಿಲ್ಲುವ ದಿನಗಳ ನಷ್ಟವೇ ಭಾರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಪದ್ಧತಿ ನಮ್ಮ ಜನರಿಗೆ ಗೊತ್ತಿರುವುದೇ ಆಗಿದೆ. ಕೆಲವು ಶ್ರೇಣಿಗಳಲ್ಲಿ ಹಾಗೆಯೇ ಹಳೆಯ ವೈರಿಂಗನ್ನು ಉಳಿಸಿಕೊಂಡು ಮುಖ್ಯ ಮಾಡ್ಯೂಲನ್ನು ಮಾತ್ರ ಬದಲಿಸಲು ಅವಕಾಶವಿದೆ. ಅದಕ್ಕೂ ಪೂರ್ವಸಿದ್ಧತೆ ಬೇಕು. ಸಕ್ಕರೆ ಕಾರ್ಖಾನೆಗೆ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲಿನ ತಿಂಗಳುಗಳೇ ಇದಕ್ಕೆ ತಕ್ಕ ಕಾಲ. ಹಂಗಾಮಿನ ನಡುವೆ ಕೆಟ್ಟರೆ ಹೊಲದಲ್ಲಿ ಕಬ್ಬು ಒಣಗುವುದರಿಂದ ನಷ್ಟ ಕಾರ್ಖಾನೆಯೊಂದಕ್ಕೇ ಸೀಮಿತವಾಗುವುದಿಲ್ಲ, ರೈತನಿಗೂ ತಟ್ಟುತ್ತದೆ.

ಆದರೂ ಒಬ್ಬೊಬ್ಬರೇ ಎಷ್ಟು ಸಿದ್ಧತೆ ಮಾಡಿಕೊಳ್ಳಲು ಸಾಧ್ಯ? ಪ್ರತಿಯೊಂದು ಮಾಡ್ಯೂಲಿಗೂ ಒಂದು ಹೆಚ್ಚುವರಿ ಇಟ್ಟುಕೊಂಡರೆ ಬಂಡವಾಳ ಕಪಾಟಿನಲ್ಲಿ ಕೊಳೆಯುತ್ತದೆ. ಅಲ್ಲದೆ ಕಪಾಟಿನಲ್ಲಿಟ್ಟ ಮಾಡ್ಯೂಲನ್ನೂ ಆಗಾಗ ವಿದ್ಯುತ್ ಕೊಟ್ಟು ಪರೀಕ್ಷಿಸದಿದ್ದರೆ ಬೇಕಾದ ದಿನ ಅದು ಕೈಕೊಡಬಹುದು. ಹೀಗಾಗಿ ಸಾಮೂಹಿಕ ವ್ಯವಸ್ಥೆಯೊಂದೇ ಪ್ರಾಯೋಗಿಕ ಮಾರ್ಗ. ವಾಣಿಜ್ಯೋದ್ಯಮ ಸಂಸ್ಥೆಯು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಸದಸ್ಯ ಘಟಕಗಳಿಂದ ಮಾಡ್ಯೂಲುಗಳ ಮಾದರಿ ಸಂಖ್ಯೆ, ಎಣಿಕೆ ಮತ್ತು ಹೆಚ್ಚುವರಿ ದಾಸ್ತಾನಿನ ವಿವರ ಪಡೆದು ಒಂದು ದಾಖಲೆ ಪುಸ್ತಕ ತೆರೆಯಬೇಕು. ಯಾವ ಮಾದರಿ ಹೆಚ್ಚು ಬಳಕೆಯಲ್ಲಿದೆಯೋ ಅದನ್ನು ಒಟ್ಟಾಗಿ ಖರೀದಿಸಬೇಕು. ಅವಶ್ಯಕತೆ ಬಿದ್ದವರಿಗೆ ಠೇವಣಿ ಪಡೆದು ಕೊಡಬೇಕು. 1963ರಲ್ಲಿ ಸ್ಥಾಪನೆಯಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿಯೇ ಇದೆ. ಪರೀಕ್ಷೆ ಮತ್ತು ದುರಸ್ತಿಯ ಮೇಜೊಂದನ್ನು ಅದರ ಸಹಕಾರದಿಂದ ಆರಂಭಿಸುವ ಬಗ್ಗೆ ಮಾತುಕತೆ ನಡೆಸಬಹುದು. ವಿದ್ಯಾರ್ಥಿಗಳಿಗೂ ಇದರಿಂದ ಕೈಕೆಲಸದ ಅನುಭವ ದೊರೆಯುತ್ತದೆ.

ಪ್ರತಿಸ್ಪರ್ಧಿಗೆ ತನ್ನ ಯಂತ್ರದ ಗುಟ್ಟು ತಿಳಿಯುವುದೆಂಬ ಅಳುಕು ಸಹಜ. ಆದರೆ ಮಾದರಿ ಸಂಖ್ಯೆಯಿಂದ ಯಾರ ವ್ಯಾಪಾರದ ಗುಟ್ಟೂ ಹೊರಬೀಳುವುದಿಲ್ಲ, ವಿವರವನ್ನು ಸಂಸ್ಥೆಯು ಗೌಪ್ಯವಾಗಿ ಕಾಯ್ದಿರಿಸಬಹುದು. ತನ್ನ ದಾಸ್ತಾನನ್ನು ನಮೂದಿಸದವನಿಗೆ ಕೈಗಡ ಕೇಳುವ ಹಕ್ಕಿಲ್ಲವೆಂಬ ನಿಯಮವಿದ್ದರೆ ಅನ್ಯಾಯಕ್ಕೂ ಎಡೆಯಿರುವುದಿಲ್ಲ. ಪೇಟೆಯಲ್ಲಿ ಹಣದ ಕೈಗಡ ಮಾತಿನ ಮೇಲೆ ನಡೆದುಬಂದಿರುವ ಈ ಭಾಗದಲ್ಲಿ ಮಾಡ್ಯೂಲಿನ ಕೈಗಡ ಅಸಾಧ್ಯವೇನಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸವನ್ನು ಉದ್ದಿಮೆದಾರರು ಬಿಡಬೇಕಾಗಿದೆ. ಈ ತಿಂಗಳು ಪ್ರತಿ ಘಟಕದ ಮಾಲೀಕರು ಪ್ಯಾನೆಲ್ಲಿನ ಬಾಗಿಲು ತೆರೆಸಿ ಮಾದರಿ ಸಂಖ್ಯೆಗಳನ್ನು ಬರೆಸಲಿ, ಪ್ರೋಗ್ರಾಮಿನ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸಲಿ, ಬ್ಯಾಟರಿ ಬದಲಿಸಿದ ದಿನಾಂಕವನ್ನು ಪ್ಯಾನೆಲ್ಲಿನ ಮೇಲೆಯೇ ನಮೂದಿಸಲಿ. ಆ ಪಟ್ಟಿಗಳನ್ನು ಒಟ್ಟುಗೂಡಿಸುವ ಹೊಣೆಯನ್ನು ಸಂಸ್ಥೆಯು ತನ್ನ ಮುಂದಿನ ಸಭೆಯಲ್ಲಿಯೇ ವಹಿಸಿಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಅಪೇಕ್ಷಣೀಯ.